ಯಾರದೋ ಎಲುವು

ಹದಿನೆಂಟು ವರ್ಷ ನಡದೀನಿ ಇದರ ಮ್ಯಾಲ.
ಕಲಬುರ್ಗಿ ಗಂಜಿನ ಹಮಾಲರಿಗಿ, ತೂಕದ ಗುಮಾಸ್ತರಿಗಿ,
ಲಾರಿ ಕ್ಲೀನರಗೋಳಿಗಿ ದಿನಾ ಇನ್ನೂರು ರೊಟ್ಟಿ,
ಕಟ್ಟಿ ಮ್ಯಾಲ ಒಲಿ ಏರಿಸಿ ನಿಂತೇ ಬಡದೀನಿ,
ನೆಲಕ್ಕ ಕುಂದ್ರಬ್ಯಾಡ ಅಂದಿದ್ರು ಸೊಲ್ಲಾಪುರದಾಗ.

ಹೋದ ವರ್ಷ ಮೊಹರಮ್ ಮುಂದ
ಕುರ್ಚಿಯಿಂದ ಏಳೂದ್ರಾಗ ತೊಡಿಯೊಳಗ ಛಳಕ್ ಅಂತು.
ಆಮ್ಯಾಲ ಕಾಲು ಗಿಡ್ಡ ಆಯ್ತು, ಒಂದು ಬೆರಳಷ್ಟು.
ಸೀರಿ ನಿರಿಗಿ ಒಂದೇ ಬಾಜು ನೆಲಾ ಗುಡಿಸ್ತಿತ್ತು.

ಮುತ್ತಂಗಿ ಡಾಕ್ಟರ್ ಫೋಟೊ ಬೆಳಕಿಗಿ ಹಿಡದ.
"ಬಾಯಿ, ಇಲ್ಲಿ ಕರ್ರಗ ಕಾಣತದಲ್ಲ,
ಅಲ್ಲಿ ಎಲುವು ಇರಬೇಕಿತ್ತು."

ಬಟ್ಟಲು ಸವದದ. ಪ್ಲಾಸ್ಟಿಕಿನ ಬಟ್ಟಲು.
ಕಣ್ಣಿಗಿ ಕಾಣದಂಥ ಪುಡಿ ಉದುರಿ ಉದುರಿ,
ಅದನ್ನ ತಿಂದು ತೆಗೀಲಿಕ್ಕ ಬಂದ ಮೈಯಾಗಿನ ಕಾವಲಗಾರರು
ಅದು ಅರಗದ ಸಿಟ್ಟಿಗಿ
ಮನಿ ಗ್ವಾಡಿನೇ ತಿಂದಾರ.

ನನಗ ತಿಳೀತು. ಬಿಡಿಸಿ ಹೇಳೂದು ಬ್ಯಾಡಿತ್ತು.
ನಮ್ಮವ್ವನ ಬೀಸುಕಲ್ಲು ಹಿಂಗೇ ಸವದಿತ್ತು.
ರೊಟ್ಟಿ ಹಲ್ಲಿಗಿ ಕಿರ್ ಅಂದ ದಿನ
ಕಲ್ಲು ಕಟಿಯೋ ದುರುಗವ್ವ ಬರ್ತಿದ್ಲು ಉಳಿ ಹಿಡಕೊಂಡು.
ಆದ್ರ ಒಂದು ಕಲ್ಲು ಎಷ್ಟು ಸಲ ಕಟಿಯಾಕ ಬರತದ?
ಸಲಕ್ಕೊಮ್ಮೆ ತೆಳ್ಳಗಾಗತದ.

"ಹಳೇದು ತೆಗದು ಹೊಸಾದು ಹಾಕೂದು ಇರಲಿ," ಅಂದ ಡಾಕ್ಟರ್,
"ಹಾಕೂ ಜಾಗ ಎಲ್ಲದ?"

ಅದಕ್ಕ ಬ್ಯಾರೆಯವರ ಎಲುವು.
ಮೊದಲ ಸಲ ಚಪ್ಪಿ ಬದಲಿ ಮಾಡಿಸಿಕೊಂಡವರದು,
ಕೊಯ್ದು ತೆಗದ ಗುಂಡು, ಅವರಿಗಿ ಬ್ಯಾಡಾದದ್ದು.
ಪರೀಕ್ಷಾ ಮಾಡಿ, ಹೆಸರು ಅಳಿಸಿ, ನಂಬರು ಬರದು
ಮೈನಸ್ ಎಂಬತ್ತರ ಪೆಟ್ಟಿಗ್ಯಾಗ ಇಟ್ಟಿರತಾರ.
ನನ್ನದೇನು ಮಾಡಿದ್ರೋ ಸೊಲ್ಲಾಪುರದಾಗ,
ಅವತ್ತು ಕೇಳಲೇ ಇಲ್ಲ.

"ಯಾರದು?" ಅಂದೆ.
"ಹೇಳಂಗಿಲ್ಲ."
"ಗಂಡಸೋ ಹೆಂಗಸೋ?"
"ಹೇಳಂಗಿಲ್ಲ ಬಾಯಿ."
ಬಗಲಾಗ ಕುಂತ ನಾದಿನಿ ನೀಲಗಂಗಾ
ಕೇಳಬೇಕಂದ ಇನ್ನೊಂದು ಮಾತು
ತುಟಿತನಕ ಬಂದು ನಿಂತದ್ದು ನೋಡಿದೆ.
ಎಲಿಅಡಿಕಿ ಚೀಲ ಬಿಚ್ಚಿದಳು, ಮತ್ತ ಕಟ್ಟಿದಳು.

ಬೆನ್ನಾಗ ಸೂಜಿ. ಟೊಂಕದ ಕೆಳಗ ನಾನಿಲ್ಲ.
ಪಡದಿ ಆಚಿ ಯಾರೋ ದುಡೀಲಿಕತ್ತಾರ,
ಎಸ್ತರ್ ಸಿಸ್ಟರ್ ನನ್ನ ಹಣಿ ಮ್ಯಾಲ ಕೈ ಇಟ್ಟಾಳ.
ಹಳೇ ಸಿಮೆಂಟು ಒಡಿಯೂ ಸಪ್ಪಳ,
ಬಾಡಿಗಿದಾರನ್ನ ಖಾಲಿ ಮಾಡಿಸಿದಂಗ.
ಆಮ್ಯಾಲ ಕೆರೀತಾರ, ತೊಳೀತಾರ,
ತೂತು ಬಿದ್ದ ಕಡಿ ತಂತಿ ಜಾಲಿ ಕೂಡಿಸ್ತಾರ.
ಆಮ್ಯಾಲ ಎಲುವಿನ ಚೂರು,
ಹಿಡಿ ಹಿಡಿ ಹಾಕಿ ಬಡೀತಾರ.
"ಇಷ್ಟು ಸಣ್ಣ ಮಾಡಬಾರದು, ನಿಲ್ಲಂಗಿಲ್ಲ!"
ಡಾಕ್ಟರ್ ಯಾರಿಗೋ ಬೈದ.
ನನಗ ನಗು. ಜ್ವಾಳದ ನುಚ್ಚಿಗಿ
ಗಿರಣಿಯವನಿಗಿ ನಾನೂ ಇದನ್ನೇ ಬೈತೀನಿ.
ಹಾಕು, ಬಡಿ. ಹಾಕು, ಬಡಿ.
ನಡುವ ಒಮ್ಮೆ ಲಯ ತಪ್ಪಿದ.
ರೊಟ್ಟಿ ಆಗಿದ್ರ ಹರೀತಿತ್ತು.

ಮೂರು ತಿಂಗಳು ಪೂರಾ ಭಾರ ಹಾಕಬ್ಯಾಡ ಅಂದಾರ.
ಆ ಎಲುವು ಸತ್ತದ್ದು, ಖರೇ ಸತ್ತದ್ದು, ಅಂದ ಡಾಕ್ಟರ್.
ನಿಮ್ಮ ರಕ್ತ ಅದರೊಳಗ ಹರದು
ಸಾವಕಾಶ ಅದನ್ನ ತಿಂದು
ಆ ಜಾಗದಾಗ ನಿಮ್ಮದು ಕಟ್ಟಬೇಕು.
ವರ್ಷ ಹಿಡೀಬಹುದು. ಆಗದೇನೂ ಇರಬಹುದು.

ತಿನ್ನೂದೇ ಕೆಡಿಸಿತ್ತು, ತಿನ್ನೂದೇ ಕಟ್ಟತದಂತ.

ರಾತ್ರಿ ನಿದ್ದಿ ಬರದಾಗ ಮಾತಾಡಿಸ್ತೀನಿ:
ಎಲ್ಲಿಯಾಕಿ ನೀ? ಆಳಂದ? ಜೇವರ್ಗಿ?
ನಮಾಜಿಗಿ ಬಗ್ಗಿದ್ದಿಯೋ, ತೊಗರಿ ಕೊಯ್ಯಲಿಕ್ಕ ಬಗ್ಗಿದ್ದಿಯೋ?
ಈಗ ಹ್ಯಾಂಗ ನಡೀತಿ?
ಹೆಂಗಸೇ ಅಂತ ನಾನೇ ಖಾತ್ರಿ ಮಾಡಿಕೊಂಡೀನಿ.

ನಮ್ಮಲ್ಲಿ ಸತ್ತವರನ್ನ ಕೂಡಿಸಿ ಹೂಳತಾರ,
ಚಕ್ಕಳಮಕ್ಕಳ ಹಾಕಿ, ಅಂಗೈಯಾಗ ಲಿಂಗ ಇಟ್ಟು.
ಇಷ್ಟು ವರ್ಷದ "ಕುಂದ್ರಬ್ಯಾಡ" ಅವತ್ತಿಗಿ ಮುಗೀತು.
ನೀಲಗಂಗಾಗ ಹೇಳಿಟ್ಟೀನಿ:
ಎಡಕಿನ ಕಾಲು ಜರಾ ಮೆತ್ತಗ ಮಡಚಲಿಕ್ಕ ಹೇಳು.
ಆಕಿಗಿ ರೂಢಿ ಇರ್ಲಿಕ್ಕಿಲ್ಲ.